ಮಾಳಿಗೆಯ ಮೇಲಿನ ಜೋಡು

ತುರ್ಕಿಯ ಒಳನಾಡಿನ ಕೈಸೇರಿ ಬಹು ಹಳೆಯ ಪಟ್ಟಣ. ಅಲ್ಲಿ ಒಂಟೆಸಾಲುಗಳು ತಂಗುವ ಕಲ್ಲಿನ ಛತ್ರದ ಹಿಂದೆ, ಒಂದು ಪುಟ್ಟ ಕೋಣೆಯಲ್ಲಿ ಪೂಜ್ಯ ನುಸ್ರತ್ ಬಾಬಾ ಅವರು ವಾಸವಾಗಿದ್ದರು. ಚರ್ಮ ಹದಮಾಡುವುದು ಅವರ ಕಾಯಕ. ಅದೇ ಅವರ ಜಪವೂ ಆಗಿತ್ತು. ಪೇಟೆಯ ಕಸುಬುದಾರರೆಲ್ಲ ಅವರನ್ನು ಗುರುವೆಂದು ನಂಬಿದ್ದರು.

ಆ ಪೇಟೆಯಲ್ಲೊಂದು ಕಟ್ಟಳೆಯಿತ್ತು. ಕಳಪೆ ಕಾಲುಜೋಡು ಹೊಲಿದು ಮೋಸಮಾಡಿದವನ ಅಂಗಡಿಯ ಮಾಳಿಗೆಯ ಮೇಲೆ ಹಿರಿಯರು ಅದೇ ಜೋಡನ್ನು ಎಸೆಯುತ್ತಿದ್ದರು. ಆಮೇಲೆ ಆ ಹೊಸ್ತಿಲನ್ನು ಯಾರೂ ತುಳಿಯುತ್ತಿರಲಿಲ್ಲ.

ಒಂದು ಚಳಿಗಾಲದ ಕೊನೆಗೆ ದುರ್ಮುಶ್ ಎಂಬವನಿಗೆ ಆ ಗತಿ ಬಂತು. ನೀರು ಹೊರುವ ವೆಲಿಗೆ ಹೊಲಿದ ಜೋಡಿನ ಅಟ್ಟೆಯೊಳಗೆ ಅವನು ಹಳೆಯ ಚರ್ಮದ ಚೂರುಪಾರು ತುರುಕಿದ್ದ. ಊರಿಗೆಲ್ಲ ನ್ಯಾಯ, ತನಗೆ ಬಂದಾಗ ಅನ್ಯಾಯ. ಮನುಷ್ಯ ಸ್ವಭಾವವೇ ಹಾಗೆ. ಅಜ್ಜನ ಕಾಲದ ಅಂಗಡಿಗೆ ಬೀಗ ಬಿದ್ದ ಸಂಕಟದಲ್ಲಿ ಬಾಬಾ ಅವರ ಬಾಗಿಲಿಗೆ ಬಂದವನು ನಮಸ್ಕಾರವನ್ನೂ ಮರೆತ.

“ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ, ಬಾಬಾ. ಒಳಗಿನ ಅಟ್ಟೆ ಯಾರ ಕಣ್ಣಿಗೆ ಬೀಳುತ್ತೆ? ಇಷ್ಟಕ್ಕೇ ಹೊಟ್ಟೆ ಮೇಲೆ ಹೊಡೀತಾರಾ? ತಾವೊಂದು ಮಾತು ಹೇಳಿದರೆ ಜೋಡು ಇಳಿಯುತ್ತೆ.”

“ಇಳಿಸಿ ತಾ, ಮಗು” ಎಂದರು ಬಾಬಾ.

ದುರ್ಮುಶ್ ಹಿಗ್ಗಿ ಹೀರೇಕಾಯಿಯಾದ. ಓಡಿಹೋಗಿ, ಏಣಿ ಹಾಕಿ ಇಳಿಸಿ ತಂದ. ಬಾಬಾ ಅವರು ತಮ್ಮದನ್ನು ಬಿಟ್ಟು ಆ ಜೋಡನ್ನೇ ಮೆಟ್ಟಿಕೊಂಡರು.

“ಬಾ, ವೆಲಿಯನ್ನು ನೋಡಿಕೊಂಡು ಬರೋಣ.”

ಬೀದಿಯ ತುಂಬ ಕರಗುವ ಹಿಮ. ಮೊದಲ ತಿರುವಿನಲ್ಲೇ ಅಟ್ಟೆ ನೆನೆದು ಬಾಯಿಬಿಟ್ಟಿತು, ಒಳಗಿನ ಮೊಳೆ ಮೇಲೆದ್ದಿತು. ಬಾಬಾ ಅವರು ಕುಂಟತೊಡಗಿದರೇ ಹೊರತು ನಿಲ್ಲಲಿಲ್ಲ. ಆ ಪುಣ್ಯಪಾದಗಳು ಊರಿದಲ್ಲೆಲ್ಲ ಹಿಮದ ಮೇಲೆ ಕೆಂಪು ಕಲೆ ಮೂಡುವುದನ್ನು ಕಂಡು ದುರ್ಮುಶ್‌ನ ಎದೆ ಒಡೆಯಿತು. ಅಡ್ಡಬಿದ್ದು ಕಾಲು ಹಿಡಿದುಕೊಂಡ.

“ಸಾಕು ಬಾಬಾ, ಬಿಚ್ಚಿಬಿಡಿ! ನನ್ನ ಕೈಲಿ ನೋಡೋಕಾಗಲ್ಲ.”

ಬಾಬಾ ಅವರು ಅವನ ತಲೆ ನೇವರಿಸಿದರು. “ನನ್ನ ಕಾಲಿಗೆ ಇದು ಒಂದು ಬೀದಿ, ಮಗು. ವೆಲಿಯ ಕಾಲಿಗೆ ಇಡೀ ಚಳಿಗಾಲ.”

ದುರ್ಮುಶ್ ಹಿಮದಲ್ಲೇ ಕುಳಿತು ಅತ್ತುಬಿಟ್ಟ. ಅಂದು ವೆಲಿಯ ಹುಣ್ಣಾದ ಪಾದಗಳನ್ನು ತಾನೇ ತೊಳೆದು ಅಳತೆ ತೆಗೆದುಕೊಂಡ. ಹೊಸ ಜೋಡು ಹೊಲಿದು ತನ್ನ ಕೈಯಾರೆ ಅವನಿಗೆ ತೊಡಿಸಿದ. ಹಿರಿಯರು ಕ್ಷಮಿಸಿ, ಇನ್ನು ಅಂಗಡಿ ತೆರೆಯಬಹುದು ಎಂದರು.

ತೆರೆಯುವ ಮುಂಚೆ ದುರ್ಮುಶ್ ಮತ್ತೆ ಏಣಿ ಹಾಕಿದ. ಆ ಕಳಪೆ ಜೋಡನ್ನು ತಾನೇ ಮಾಳಿಗೆಯ ಮೇಲಿಟ್ಟು ಇಳಿದ. ಅವನು ಬದುಕಿರುವ ತನಕ ಅದು ಅಲ್ಲೇ ಇತ್ತು. ಗಿರಾಕಿಗಳು ಅದನ್ನು ನೋಡಿಯೇ ನಂಬಿ ಒಳಗೆ ಬರುತ್ತಿದ್ದರು.