ಗಂಡನ ಹೆಸರು ಹೇಳಿದ ತುಂಗವ್ವ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನಿಗೂ ಹಲ್ಲು ಮೂಡಿರದ ಕಾಲದಲ್ಲಿ, ಸೊಪ್ಪಿನಹಾಳ ಅಂತ ಒಂದೂರಿತ್ತಂತೆ ಕೂಸೇ. ಆ ಊರ ಮೇಲೆ ಪರರಾಜನ ದಂಡು ಬಂದು ಮೂರು ವರ್ಷ ಕೂತುಬಿಡ್ತಂತೆ. ಎದುರು ಮಾತಾಡಿದ ಹನ್ನೊಂದು ಗಂಡಸರನ್ನ ಆ ದಂಡಿನ ದಳವಾಯಿ ಮನೆ ಹೊಕ್ಕು, ಕೈ ಕಟ್ಟಿ ಒಯ್ದನಂತೆ. ಅವರಲ್ಲಿ ಕಂಬಳಿ ನೇಯೋ ತುಂಗವ್ವನ ಗಂಡನೂ ಒಬ್ಬ.

ಆಮೇಲೆ ಆ ರಾಜ ಸತ್ತು, ಅವನ ಮಗ ಪಟ್ಟಕ್ಕೆ ಬಂದು, ದಂಡನ್ನ ವಾಪಸ್ ಕರೆಸಿಕೊಂಡು, ಅನ್ಯಾಯ ಆದವರು ಬಂದು ಹೇಳ್ಕೊಳ್ಳಿ ಅಂತ ಡಂಗುರ ಹೊಡೆಸಿದನಂತೆ. ದಂಡೇನೋ ಹೋಯ್ತು, ತುಂಗವ್ವನ ಗಂಡ ಬರಲಿಲ್ಲ. ಅವಳು ಬುತ್ತಿ ಕಟ್ಟಿಕೊಂಡು ಮೂರು ದಿನ ನಡೆದು ರಾಜನ ಚಾವಡಿಗೆ ಹೋದಳಂತೆ.

ಅವರು ಒಯ್ದ ನಿನ್ನ ಗಂಡನ ಹೆಸರೇನಮ್ಮ, ಅಂತ ಕರಣಿಕ ಕೇಳಿದ. ತುಂಗವ್ವ ಸೆರಗನ್ನ ಬಾಯಿಗೆ ಅಡ್ಡ ಹಿಡಿದಳು. ಹೆಸರು ಹೇಳಿದರೆ ಗಂಡನ ಆಯುಸ್ಸು ಕಮ್ಮಿ ಆಗುತ್ತೆ ಅಂತ ಅವಳಮ್ಮ ಹೇಳಿಕೊಟ್ಟಿದ್ದಳಲ್ಲ! ನಮ್ಮನೆಯವರು ರೀ, ಅಂದಳು. ಎಲ್ಲರೂ ಅವರವರ ಮನೆಯವರೇ ತಾಯಿ, ಹೆಸರಿಲ್ಲದೆ ಏನ್ ಬರೀಲಿ, ಅಂದ ಕರಣಿಕ. ರಾಜನ ಪಕ್ಕದಲ್ಲೇ ನಿಂತಿದ್ದ ದಳವಾಯಿ ಮೀಸೆ ಒಳಗೇ ನಕ್ಕನಂತೆ.

ಎರಡನೇ ಸಲ ಹೆಸರು ಹೇಳೋದಕ್ಕೆ ಪಕ್ಕದ ಮನೆ ಬರಮಜ್ಜನ್ನ ಕರಕೊಂಡು ಹೋದಳು. ದಳವಾಯಿ ಒಯ್ದದ್ದನ್ನ ಕಂಡೆ ಅಂತ ಅಜ್ಜ ಹೇಳಿದ. ಅದಕ್ಕೆ ದಳವಾಯಿ ಅಂದ, ಈ ಮುದುಕನಿಗೆ ಎದುರಿಗಿರೋ ಎಮ್ಮೆ ಕಾಣಲ್ಲ, ಇವನೇನು ಕಂಡಾನು? ನಾನು ಆ ಊರಲ್ಲಿ ಒಂದು ಮನೆ ಹೊಸ್ತಿಲೂ ತುಳಿದವನಲ್ಲ. ಆಗ ರಾಜ, ಮನೆಯೊಳಗಿದ್ದು ಕಂಡವರೇ ಹೇಳಬೇಕು, ಅಂದುಬಿಟ್ಟ.

ದಾರಿಯುದ್ದಕ್ಕೂ ತುಂಗವ್ವ ಅತ್ತಳಂತೆ. ಬರಮಜ್ಜ ಗದರಿದ, ಅಲ್ಲ ಕಣೇ, ಮದುವೆ ದಿನ ನಾದಿನಿಯರು ಬಾಗಿಲು ತಡೆದಾಗ ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಿದ್ದು ಯಾರು? ನಿಮ್ಮತ್ತೆನಾ? ತುಂಗವ್ವನ ಅಳು ಅಲ್ಲೇ ನಿಂತಿತಂತೆ. ಊರಿಗೆ ಬಂದವಳೇ ಉಳಿದ ಹತ್ತು ಮನೆ ಬಾಗಿಲೂ ತಟ್ಟಿದಳು.

ಮೂರನೇ ಸಲ ಹನ್ನೊಂದು ಹೆಂಗಸರು ಚಾವಡಿಯಲ್ಲಿ ಸಾಲಾಗಿ ನಿಂತರಂತೆ. ತುಂಗವ್ವ ಸೆರಗು ಬಿಗಿದು ಶುರು ಮಾಡಿದಳು,

ನುಚ್ಚಿನ ಮೇಲೆ ಬಿಟ್ಟಿದ್ದೆ ತುಪ್ಪ,
ಬಾಗಿಲೊದ್ದು ದಳವಾಯಿ ಬಂದಾಗ ಇನ್ನೂ ಬಡಿಸಿರಲಿಲ್ಲ ಉಪ್ಪ,
ಉಣ್ಣೋ ಕೈಯನ್ನೇ ಕಟ್ಟಿ ಒಯ್ದನಲ್ಲ, ನಮ್ಮ ರಾಯರ ಹೆಸರು ಹಾಲಪ್ಪ!

ದಳವಾಯಿಗೆ ಮೈಯೆಲ್ಲಾ ಉರಿದುಹೋಯ್ತು. ಸುಳ್ಳು, ಸುಳ್ಳು! ಉಣ್ಣೋನನ್ನ ಎಬ್ಬಿಸೋ ಪಾಪಿಯಲ್ಲ ನಾನು, ಅವನ ಊಟದ ಗಂಗಾಳ ಖಾಲಿ ಆಗೋವರೆಗೂ ಕಾದು ಆಮೇಲೇ ಕಟ್ಟಿದೆ, ಅಂತ ಕೂಗಿಬಿಟ್ಟನಂತೆ.

ರಾಜ ಮೆಲ್ಲಗೆ ಕೇಳಿದ, ಹೊಸ್ತಿಲೇ ತುಳಿಯದವನಿಗೆ ಗಂಗಾಳ ಖಾಲಿ ಆಗಿದ್ದು ಹೇಗಪ್ಪಾ ಕಂಡಿತು?

ಆಮೇಲೆ ಉಳಿದ ಹತ್ತು ಜನವೂ ಒಬ್ಬೊಬ್ಬರಾಗಿ ಒಡಪು ಹೇಳಿದರು, ಕರಣಿಕ ಹನ್ನೊಂದು ಹೆಸರೂ ಬರೆದುಕೊಂಡ. ದಳವಾಯಿ ಬಾಯಿ ಬಿಡಲೇಬೇಕಾಯ್ತು. ಏಳು ಜನ ಕೋಟೆಯ ಕಲ್ಲುಗಣಿಯಲ್ಲಿ ದುಡೀತಿದ್ದರಂತೆ. ನಾಲ್ಕು ಜನರನ್ನ ಅವನು ಕೊಂದಿದ್ದ.

ಆ ನಾಲ್ವರ ಹೆಂಡಿರಿಗೆ ರಾಜ ಬಂಗಾರ ಕೊಡಹೋದ. ಬೇಡ, ಮೊದಲು ಅವನು ನಮ್ಮ ಬಾಗಿಲಿಗೆ ಬಂದು ಏನು ಮಾಡಿದೆ ಅಂತ ಅವನ ಬಾಯಲ್ಲೇ ಹೇಳಲಿ, ಎಲ್ಲಿ ಹೂತಿದ್ದಾನೆ ತೋರಿಸಲಿ, ಅಂದರಂತೆ. ದಳವಾಯಿ ನಾಲ್ಕು ಬಾಗಿಲಲ್ಲೂ ನಿಂತು, ತಲೆ ತಗ್ಗಿಸಿ, ಎಲ್ಲಾ ಹೇಳಿ, ಹೂತ ಜಾಗ ತೋರಿಸಿ, ಅಲ್ಲಿಂದ ಸಾಯೋವರೆಗೂ ಸೆರೆಮನೆಗೆ ಹೋದನಂತೆ. ಆ ನಾಲ್ಕು ಮನೆ ಹೊಲ ಉತ್ತು ಬಿತ್ತಿದ ಮೇಲೇ ಊರವರು ತಮ್ಮ ಹೊಲಕ್ಕೆ ಕಾಲಿಡ್ತಿದ್ದರಂತೆ.

ಇತ್ತ ರಾಜ ಗಣಿಯಿಂದ ಬಿಡಿಸಿ ಕಳಿಸಿದ ಆ ಏಳು ಜನ ಊರ ಹಾದಿಯಲ್ಲಿ ಬರೋದು ಕಂಡಿತು. ತುಂಗವ್ವ ಓಡಿಬಂದು, ಒಡಪಿಲ್ಲ ಏನಿಲ್ಲ, ಹಾಲಪ್ಪಾ, ಅಂತ ಊರಿಗೇ ಕೇಳೋ ಹಾಗೆ ಕೂಗಿದಳು. ಏನೇ ಇದು, ನನ್ನ ಆಯುಸ್ಸು ಕಣೇ, ಅಂದನಂತೆ ಅವನು. ಇಷ್ಟು ದಿನ ಹೇಳದೇ ಇದ್ದಾಗ ಭಾರಿ ಉಳಿದಿತ್ತು! ಓ ಅನ್ನು ಮೊದಲು, ಅಂದಳು.

ಓ, ಅಂದ ಹಾಲಪ್ಪ.

ಅಲ್ಲಿಗೆ ಅವರ ದುಃಖ ಮುಗೀತು, ನನ್ನ ಕತೆನೂ ಮುಗೀತು. ನೀ ಓ ಅನ್ನಬೇಡ ಮತ್ತೆ, ಕಣ್ಣು ಮುಚ್ಚು.