ಬೇವು ಇಳಿಸಿದ ಅಮೃತಬಳ್ಳಿ

ಜ್ವರದ ಕಾಲ ಬಂತೆಂದರೆ ನಾಟಿ ವೈದ್ಯೆ ಪುಟ್ಟನಿಂಗಮ್ಮ ಹೊಲದಂಚಿನ ಬೇವಿನ ಮರದ ಬಳಿ ಬರುತ್ತಿದ್ದಳು. ಮರಕ್ಕೆ ಹಬ್ಬಿದ ಅಮೃತಬಳ್ಳಿಗೆ ಕೈಮುಗಿದು, ಕಷಾಯಕ್ಕೆಂದು ಗೇಣುದ್ದ ಕಾಂಡ ಕೊಯ್ದು ಒಯ್ಯುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಬೇವಿಗೆ ಹೊಟ್ಟೆ ಉರಿಯುತ್ತಿತ್ತು.

"ಹೊರುವವನು ನಾನು, ಕೈಮುಗಿಸಿಕೊಳ್ಳುವವಳು ನೀನು. ಇಳಿ ಕೆಳಗೆ!" ಎಂದಿತು ಒಂದು ದಿನ.

"ಬೇವಿನ ಮೇಲೆ ಬೆಳೆದದ್ದಕ್ಕೇ ನನಗೆ ಈ ಗುಣ ಅಂತ ಆಯಮ್ಮ ಹೇಳುತ್ತಾಳಲ್ಲ, ನೀನು ಕೇಳಿಸಿಕೊಂಡಿಲ್ಲವೇ ಅಣ್ಣಾ?"

"ಬೆಣ್ಣೆ ಹಚ್ಚಬೇಡ. ಕಣ್ಣಿಗೆ ಕಾಣದಷ್ಟು ದೂರ ಹೋಗು."

ಬಳ್ಳಿ ದಾರದಂಥ ಬೇರನ್ನು ನೆಲಕ್ಕೆ ಇಳಿಬಿಟ್ಟು, ಬೇಲಿ ಹಿಡಿದು ಹರಿದು, ಹತ್ತು ಮಾರು ಆಚೆಯ ಹೊಂಗೆಮರ ಸೇರಿತು. "ಇನ್ನಷ್ಟು ದೂರ ಹೋಗಬಾರದಿತ್ತೇ?" ಎಂದು ಬೇವು ಗೊಣಗಿತು.

ಮರುವರ್ಷ ಹೊಲದ ಯಜಮಾನ ಕೊಡಲಿ ಹಿಡಿದ ಆಳನ್ನು ಕರೆತಂದ. "ಬಳ್ಳಿ ಇರುವ ತನಕ ಈ ಮರ ಮುಟ್ಟುವುದಿಲ್ಲ ಅಂತ ಪುಟ್ಟನಿಂಗಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ ಬಳ್ಳಿಯೇ ಇಲ್ಲ. ಬಾಗಿಲಿಗಾಗುತ್ತೆ, ನಾಳೆ ಬೆಳಿಗ್ಗೆ ಕಡಿದುಬಿಡು" ಎಂದ.

ಅವರು ಹೋದದ್ದೇ ಬೇವು ಕೂಗಿತು: "ತಂಗೀ, ತಪ್ಪಾಯಿತು. ವಾಪಸ್ ಬಾ!"

"ಬಂದೆ ಅಣ್ಣಾ" ಎಂದು ಬಳ್ಳಿ ಆಗಲೇ ಕುಡಿ ಚಾಚಿತು. "ಆದರೆ ನಾನು ದಿನಕ್ಕೆ ಬೆರಳುದ್ದ ಹರಿಯುವವಳು."

ಬೇವು ನಡುವಿನ ಹತ್ತು ಮಾರು ನೆಲವನ್ನೇ ನೋಡುತ್ತ ನಿಂತಿತು. ಆ ದೂರ ಸಾಲದೆಂದು ಗೊಣಗಿದ್ದು ತಾನೇ.