ಕೂಲರಿನ ಕೆಂಪು ಪರದೆ

ವಿಶ್ವವಿದ್ಯಾಲಯದ ಹಾಸ್ಟೆಲ್ ಮೆಸ್ಸಿಗೆ ಹಳೆಯ ವಿದ್ಯಾರ್ಥಿಗಳು ಒಂದು ನೀರಿನ ಕೂಲರ್ ಕೊಟ್ಟಿದ್ದರು. ಅದರ ಹಣೆಯ ಮೇಲೆ ದಾನಿಗಳ ಹೆಸರಿನ ಫಲಕ, ಫಲಕದ ಮೇಲೆ ಕೆಂಪು ಪರದೆ. ಉದ್ಘಾಟನೆಯಾಗುವವರೆಗೆ ಯಾರೂ ಮುಟ್ಟಕೂಡದೆಂದು ವಾರ್ಡನ್ನರ ಅಪ್ಪಣೆ. ಹೊಟ್ಟೆ ತುಂಬ ನೀರಿಟ್ಟುಕೊಂಡು ಕೂಲರ್ ಒಂದು ತಿಂಗಳಿಂದ ಬೀಗುತ್ತ ನಿಂತಿತ್ತು.

ಒಂದು ಮಧ್ಯಾಹ್ನ ಪಕ್ಕದ ಮಣ್ಣಿನ ಹೂಜಿ ಬರಿದಾಯಿತು. ಪರೀಕ್ಷೆ ಮುಗಿಸಿ ಬಂದ ಹುಡುಗಿಯೊಬ್ಬಳು ಹೂಜಿ ಬಗ್ಗಿಸಿ ನೋಡಿ, ಅತ್ತಿತ್ತ ಕಣ್ಣಾಡಿಸಿ, ಕೂಲರಿನ ನಲ್ಲಿ ತಿರುಗಿಸಿದಳು. ಕೂಲರ್ ಬಿಗಿಹಿಡಿದುಕೊಂಡಿತು. ಹನಿ ಬೀಳಲಿಲ್ಲ. ಅವಳು ಒಣಗಿದ ತುಟಿ ಸವರಿಕೊಂಡು ಹೋದಳು.

"ಅಲ್ಲಪ್ಪಾ, ಒಂದು ಲೋಟ ಕೊಡಬಾರದಿತ್ತೇ?" ಎಂದಿತು ಹೂಜಿ.

"ಪರದೆ ಸರಿಯುವ ಮೊದಲೇ ಕೊಟ್ಟರೆ ದಾನಿಗಳ ಮರ್ಯಾದೆ ಏನಾಗಬೇಕು? ಇರಲಿ ಅಜ್ಜೀ, ನಿನ್ನನ್ನು ಕೊಟ್ಟವರು ಯಾರು? ಮೈಮೇಲೆ ಒಂದಕ್ಷರವೂ ಇಲ್ಲವಲ್ಲ!"

"ಇಲ್ಲೇ ಓದಿದವಳೊಬ್ಬಳು. ಕೋಣೆ ಖಾಲಿ ಮಾಡುವ ದಿನ ನನ್ನನ್ನು ತುಂಬಿಟ್ಟು ಹೋದಳು. ಹೆಸರು ಹೇಳಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಯಾರಾದರೊಬ್ಬರು ತುಂಬುತ್ತಾರೆ."

ಮರುದಿನ ದಾನಿಗಳು ಬಂದರು. ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಮೊದಲ ಲೋಟವನ್ನು ಅದೇ ಹುಡುಗಿಯ ಕೈಗಿಟ್ಟರು. ಒಂದು ತಿಂಗಳು ನಿಂತ ನೀರು ನಾರುತ್ತಿತ್ತು. ಎಲ್ಲರೂ ನೋಡುತ್ತಿದ್ದಾರೆಂದು ಅವಳು ಗುಟುಕನ್ನು ಹೇಗೋ ನುಂಗಿ, "ಥ್ಯಾಂಕ್ಸ್ ಸರ್" ಎಂದು ನಕ್ಕಳು. ಅವರು ಆಚೆ ತಿರುಗಿದ್ದೇ ತಡ, ಹೂಜಿಯತ್ತ ಓಡಿದಳು.

ಕೂಲರಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಪರದೆಯನ್ನು ವಾರ್ಡನ್ನರು ಆಗಲೇ ಮಡಚಿ ಒಯ್ದಿದ್ದರು.